ಒಂದೇ ಒಂದು ಚೀಟಿ

ಔಷಧಿ ಡಬ್ಬಿ ತೆರೆದರೆ ಒಳಗೆ ಸಣ್ಣದಾಗಿ ಮಡಚಿದ ಮಾಹಿತಿ ಚೀಟಿ ಇರುತ್ತದೆ. ಅಂಚೆಯಲ್ಲಿ ಬಂದ ಮಾಸಪತ್ರಿಕೆಯ ಕವರಿನಲ್ಲಿ ಚಂದಾ ನವೀಕರಣದ ಕಾರ್ಡು, ವಿಮೆಯ ಲಕೋಟೆಯಲ್ಲಿ ಪತ್ರದ ಹಿಂದೊಂದು ಅರ್ಜಿ, ಚಹಾಪುಡಿ ಪೊಟ್ಟಣದ ಜೊತೆ ರಿಯಾಯಿತಿ ಕೂಪನ್ನು. ಇವು ಅಲ್ಲಿಗೆ ಹೇಗೆ ಬಂದವು ಎಂದು ತೆರೆದವರು ಕೇಳುವುದಿಲ್ಲ. ಇರಬೇಕಾದ್ದು ಇಲ್ಲದಿದ್ದಾಗ, ಇಲ್ಲವೇ ಇನ್ಯಾರದೋ ಕಾಗದ ಒಳಗಿದ್ದಾಗ ಮಾತ್ರ ಕೇಳುತ್ತಾರೆ.

ಬೆಂಗಳೂರಿನ ಪೀಣ್ಯದಲ್ಲಿ ಪ್ಯಾಕಿಂಗ್ ಲೈನು, ಮೇಲಿಂಗ್ ಲೈನುಗಳ ನಡುವೆಯೇ ನನ್ನ ದುಡಿಮೆಯ ವರ್ಷಗಳು ಕಳೆದಿವೆ. ಕನ್ವೇಯರಿನ ಎರಡೂ ಬದಿ ಕೂತ ಹೆಣ್ಣುಮಕ್ಕಳು ಕೈಯಲ್ಲಿ ಹಾಕುತ್ತಿದ್ದ ಚೀಟಿಗಳನ್ನು ಫೀಡರ್ ಯಂತ್ರಗಳು ಹಾಕತೊಡಗಿದ್ದನ್ನು ಹತ್ತಿರದಿಂದ ಕಂಡಿದ್ದೇನೆ, ಆ ಯಂತ್ರಗಳನ್ನು ಕೂರಿಸಿದ್ದೇನೆ, ನಡೆಸಿದ್ದೇನೆ. ನನಗೆ ಖಚಿತವಾದ ಸಂಗತಿ ಒಂದಿದೆ. ಫೀಡರಿನ ತೊಂದರೆಗಳಲ್ಲಿ ಹೆಚ್ಚಿನವು ಫೀಡರಿನಲ್ಲಿ ಹುಟ್ಟುವುದಿಲ್ಲ. ಪ್ರೆಸ್ಸಿನಲ್ಲಿ, ಕಟಿಂಗ್ ಮಿಷನ್ನಿನಲ್ಲಿ, ಗೋಡೌನಿನಲ್ಲಿ ಹುಟ್ಟಿ ಇಲ್ಲಿಗೆ ಬಂದು ಕಾಣಿಸಿಕೊಳ್ಳುತ್ತವೆ.

ಯಂತ್ರ ಮಾಡಬೇಕಾದ್ದನ್ನು ಹೇಳುವುದು ಸುಲಭ. ಕಟ್ಟಿನಿಂದ ಒಂದು ಚೀಟಿ ಬಿಡಿಸಬೇಕು, ಡಬ್ಬಿ ಎದುರಿಗೆ ಬಂದ ಹೊತ್ತಿಗೆ ಸರಿಯಾಗಿ ಅದರೊಳಗೆ ಹಾಕಬೇಕು. ಹಾಕುವುದಕ್ಕಿಂತ ಬಿಡಿಸುವುದೇ ಕಷ್ಟ. ನಮ್ಮ ಊರುಗಳಲ್ಲಿ ಬೆಳಗಿನ ಜಾವ ಅಂಗಡಿಗಳ ಮೆಟ್ಟಿಲ ಮೇಲೆ ಕೂತು ದಿನಪತ್ರಿಕೆಯೊಳಗೆ ಕರಪತ್ರ ಸೇರಿಸುವ ಹುಡುಗರನ್ನು ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳು ಮೇಲಿನ ಹಾಳೆಯನ್ನು ತುಸು ತಳ್ಳುತ್ತದೆ, ಎರಡು ಬಂದರೆ ದಪ್ಪದಲ್ಲೇ ತಿಳಿಯುತ್ತದೆ, ಕಣ್ಣು ಬೇರೆಲ್ಲೋ ಇದ್ದರೂ ಬೆರಳು ಒಂದನ್ನು ಬಿಡುತ್ತದೆ. ಆ ಬೆರಳಿನ ತಿಳಿವಳಿಕೆಯನ್ನು ರಬ್ಬರು ಮತ್ತು ಲೋಹದಿಂದ ಮಾಡಿಸಲು ಹೊರಟದ್ದೇ ಫೀಡರ್.

ಹೆಚ್ಚು ಬಳಕೆಯಲ್ಲಿರುವುದು ಫ್ರಿಕ್ಷನ್ ಫೀಡರ್, ಘರ್ಷಣೆಯಿಂದ ಕೆಲಸ ಮಾಡುವಂಥದ್ದು. ಹಾಪರಿನಲ್ಲಿ ಚೀಟಿಗಳ ಕಟ್ಟು ಕೂತಿರುತ್ತದೆ. ಕೆಳಗೆ ರಬ್ಬರ್ ಬೆಲ್ಟುಗಳು ಓಡಿ ತಳದ ಚೀಟಿಯನ್ನು ಮುಂದಕ್ಕೆ ಎಳೆಯುತ್ತವೆ. ಮುಂದೆ ಮೇಲಿನಿಂದ ಇಳಿದ ಗೇಟು ಎರಡನೆಯ ಚೀಟಿಯನ್ನು ತಡೆದು ನಿಲ್ಲಿಸುತ್ತದೆ. ಬೆಲ್ಟಿಗೂ ಕಾಗದಕ್ಕೂ ನಡುವಿನ ಹಿಡಿತ ಎಲ್ಲಕ್ಕಿಂತ ಹೆಚ್ಚಿರಬೇಕು. ಗೇಟಿಗೂ ಕಾಗದಕ್ಕೂ ಇರುವ ಹಿಡಿತ ಅದಕ್ಕಿಂತ ಕಡಿಮೆ, ಕಾಗದಕ್ಕೂ ಕಾಗದಕ್ಕೂ ಇರುವುದು ಎಲ್ಲಕ್ಕಿಂತ ಕಡಿಮೆ. ಬ್ಯಾಂಕಿನ ನೋಟು ಎಣಿಸುವ ಯಂತ್ರ ನಡೆಯುವುದೂ ಇದೇ ಲೆಕ್ಕದ ಮೇಲೆ. ಈ ಕ್ರಮ ಎಲ್ಲಿ ತಪ್ಪಿತೋ ಅಲ್ಲಿ ಡಬಲ್, ಅಂದರೆ ಎರಡು ಚೀಟಿ ಒಟ್ಟಿಗೆ, ಬರುತ್ತದೆ, ಇಲ್ಲವೇ ಬರುವುದೇ ನಿಲ್ಲುತ್ತದೆ. ನೋಡುವವರು ಯಂತ್ರ ಕೆಟ್ಟಿತು ಎನ್ನುತ್ತಾರೆ. ಯಂತ್ರದಲ್ಲಿ ಏನೂ ಕೆಟ್ಟಿರುವುದಿಲ್ಲ, ಹಿಡಿತಗಳ ಕ್ರಮ ತಪ್ಪಿರುತ್ತದೆ ಅಷ್ಟೇ.

ಅದು ಏಕೆ ತಪ್ಪುತ್ತದೆ ಎನ್ನುವುದನ್ನು ಹುಡುಕುತ್ತ ಹೋದರೆ ಫೀಡರನ್ನು ಬಿಟ್ಟು ಬಹಳ ದೂರ ನಡೆಯಬೇಕಾಗುತ್ತದೆ. ಕಟಿಂಗ್ ಮಿಷನ್ನಿನ ಬ್ಲೇಡು ಮೊಂಡಾಗಿದ್ದರೆ ಅಂಚುಗಳು ಒತ್ತಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕಟ್ಟಿನ ಮೂಲೆಯನ್ನು ಹೆಬ್ಬೆರಳಿನಿಂದ ಬಿಡಿಸಿದರೆ ಗೊತ್ತಾಗುತ್ತದೆ. ಇಂಕು ಪೂರ್ತಿ ಒಣಗುವ ಮೊದಲೇ ಕತ್ತರಿಸಿ ಕಟ್ಟಿದ್ದರೆ ಹಾಳೆಗಳು ಅಂಟುತ್ತವೆ. ಅಂಟಬಾರದೆಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಹೊಡೆಯುವ ಪೌಡರು ಹೆಚ್ಚಾದರೆ ಅದೆಲ್ಲ ನಮ್ಮ ಬೆಲ್ಟಿನ ಮೇಲೆ ಬಂದು ಕೂತು ರಬ್ಬರನ್ನು ನುಣುಪು ಮಾಡಿಬಿಡುತ್ತದೆ, ಆಗ ಬೆಲ್ಟು ಓಡುತ್ತಿದ್ದರೂ ಚೀಟಿ ಕದಲುವುದಿಲ್ಲ. ಕಟ್ಟಿಗೆ ರಬ್ಬರ್ ಬ್ಯಾಂಡು ಬಿಗಿದು ವಾರಗಟ್ಟಲೆ ಇಟ್ಟರೆ ಚೀಟಿ ನಡುವಿನಲ್ಲಿ ಬಾಗುತ್ತದೆ, ಬಾಗಿದ ಚೀಟಿ ಗೇಟಿಗೆ ತಲೆ ಕೊಡುತ್ತದೆ. ಮಡಚಿದ ಚೀಟಿಯನ್ನು ಮಡಿಕೆಯ ಅಂಚು ಮುಂದಾಗಿ ಹಾಕಬೇಕು. ತೆರೆದ ಅಂಚು ಮುಂದಾದರೆ ಗೇಟು ಒಂದು ಪದರ ಹಿಡಿದು ಇನ್ನೊಂದನ್ನು ಬಿಟ್ಟು ಚೀಟಿಯನ್ನು ಸುಕ್ಕು ಮಾಡಿ ಜಾಮ್ ಮಾಡುತ್ತದೆ.

ಕಾಗದ ಕೊಳ್ಳುವವರಿಗೆ, ಅಚ್ಚು ಹಾಕುವವರಿಗೆ, ಕತ್ತರಿಸುವವರಿಗೆ ಈ ಚೀಟಿ ಮುಂದೆ ಯಾವ ಯಂತ್ರದಲ್ಲಿ ಓಡಲಿದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಇದು ನನಗೆ ಬಹಳ ಬೇಸರ ತರುವ ವಿಷಯ. ಕೈಯಿಂದ ಹಾಕುವ ಕಾಲದಲ್ಲಿ ಎಂಥ ಕಾಗದವಾದರೂ ನಡೆಯುತ್ತಿತ್ತು, ಏಕೆಂದರೆ ಬೆರಳು ಹೊಂದಿಕೊಳ್ಳುತ್ತಿತ್ತು. ಯಂತ್ರ ತಂದ ಮೇಲೂ ಖರೀದಿ ವಿಭಾಗ ಹಳೆಯ ರೀತಿಯಲ್ಲೇ, ದರ ಕಡಿಮೆ ಬಂದವರಿಗೆ ಆರ್ಡರು ಕೊಡುತ್ತದೆ. ಒಂದು ಲಾಟು 90 ಜಿಎಸ್‌ಎಂ ಆರ್ಟ್ ಪೇಪರು, ಮುಂದಿನದು 70 ಜಿಎಸ್‌ಎಂ ಮ್ಯಾಪ್ಲಿತೊ. ಒಂದರಲ್ಲಿ ಕಾಗದದ ಗ್ರೇನ್, ಅಂದರೆ ನಾರಿನ ದಿಕ್ಕು, ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ. ಪ್ರತಿ ಸಲವೂ ಗೇಟು ಹೊಸದಾಗಿ ಹೊಂದಿಸಬೇಕು. ಕಾಗದದಲ್ಲಿ ಉಳಿಸಿದ ಹಣ ಲೈನು ನಿಂತ ಗಂಟೆಗಳಲ್ಲಿ ಹೋಗುತ್ತದೆ. ಆದರೆ ಆ ಎರಡು ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆಯುವವರು ಕಾರ್ಖಾನೆಯಲ್ಲಿ ಇರುವುದಿಲ್ಲ.

ಗೇಟು ಹೊಂದಿಸುವುದನ್ನು ಯಾವ ಕೈಪಿಡಿಯೂ ಪೂರ್ತಿ ಕಲಿಸಲಾರದು. ಒಂದು ಚೀಟಿ ಗೇಟಿನ ಕೆಳಗೆ ತೂರಿಸಿ ಕೈಯಿಂದ ಎಳೆದರೆ ತುಸು ಬಿಗಿಯಾಗಿ ಬರಬೇಕು, ಎರಡು ತೂರಿಸಿದರೆ ಬರಬಾರದು. ಪಕ್ಕದ ಗೈಡುಗಳು ಚೀಟಿಯನ್ನು ಒತ್ತಬಾರದು, ಓಲಾಡಲೂ ಬಿಡಬಾರದು. ಹಾಪರಿನಲ್ಲಿ ಕಟ್ಟಿನ ಎತ್ತರ ಒಂದೇ ಹದದಲ್ಲಿರಬೇಕು. ಮೇಲಿಂದ ಮೇಲೆ ಏಳುವುದನ್ನು ತಪ್ಪಿಸಲು ತಲೆಯವರೆಗೆ ತುಂಬಿದರೆ ಭಾರಕ್ಕೆ ತಳದ ಚೀಟಿಗಳು ಒತ್ತಿಕೊಂಡು ಜೋಡಿಯಾಗಿ ಬರುತ್ತವೆ. ಇದನ್ನು ಎಂಜಿನಿಯರುಗಳಿಗಿಂತ ಬೇಗ ಅರ್ಥ ಮಾಡಿಕೊಂಡವರು, ಮೊದಲು ಕೈಯಿಂದ ಚೀಟಿ ಹಾಕುತ್ತಿದ್ದ ಹೆಂಗಸರು. ತುಮಕೂರು ಕಡೆಯಿಂದ ಬಂದು ದಾಸರಹಳ್ಳಿಯಲ್ಲಿ ನೆಲೆಸಿದ್ದ ಒಬ್ಬಾಕೆ ಹಾಪರಿಗೆ ಹಾಕುವ ಮೊದಲು ಪ್ರತಿ ಕಟ್ಟನ್ನೂ ಬಾಗಿಸಿ, ಬಿಡಿಸಿ, ಮೇಜಿನ ಮೇಲೆ ತಟ್ಟಿ ಹಾಕುತ್ತಿದ್ದಳು. ಸೂಪರ್‌ವೈಸರು ಅವಸರ ಮಾಡಿದರೆ, "ಇದಕ್ಕೆ ಗಾಳಿ ಹೋಗಿಲ್ಲ ಸಾರ್, ಬಿಡಿಸಿ ಕೊಡ್ತೀನಿ ತಾಳಿ. ಇಲ್ಲಾಂದ್ರೆ ಆಮೇಲೆ ನೀವೇ ಮಿಷನ್ ಬಿಚ್ಚಬೇಕಾಗ್ತದೆ" ಎನ್ನುತ್ತಿದ್ದಳು. ಅವಳ ಪಾಳಿಯಲ್ಲಿ ಲೈನು ನಿಲ್ಲುವುದು ಕಡಿಮೆ ಎಂಬುದನ್ನು ಎಲ್ಲರೂ ಗಮನಿಸಿದ್ದೆವು.

ಬೆಂಗಳೂರಿನ ಹವೆಯೂ ಇದರಲ್ಲಿ ಪಾಲುದಾರ. ಫೆಬ್ರುವರಿ, ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ಚೀಟಿಗಳಲ್ಲಿ ಸ್ಟ್ಯಾಟಿಕ್ ವಿದ್ಯುತ್ತು ಕೂಡಿಕೊಳ್ಳುತ್ತದೆ. ಲ್ಯಾಮಿನೇಟ್ ಆದ ಕಾರ್ಡು, ಪ್ಲಾಸ್ಟಿಕ್ ಫಿಲ್ಮಿನ ಪೊಟ್ಟಣಗಳಲ್ಲಂತೂ ಇನ್ನೂ ಹೆಚ್ಚು. ಬಿಡಿಸಿದರೂ ಮತ್ತೆ ಅಂಟುತ್ತವೆ, ಡಬ್ಬಿಯೊಳಗೆ ಬೀಳುವ ಬದಲು ಅಂಚಿಗೆ ಹತ್ತಿಕೊಂಡು ನಿಲ್ಲುತ್ತವೆ. ಅಯಾನೈಸರ್ ಬಾರು ಕೂರಿಸಿದರೆ ಗುಣ ಕಾಣುತ್ತದೆ, ಆದರೆ ಅದರ ಸೂಜಿಗಳ ಮೇಲಿನ ಧೂಳು ಒರೆಸುತ್ತಿರಬೇಕು. ಜೂನ್ ದಾಟಿದ ಮೇಲೆ ಕಷ್ಟ ತಿರುಗುಮುರುಗಾಗುತ್ತದೆ. ತೇವ ಕುಡಿದ ಕಾಗದ ಮೆತ್ತಗಾಗಿ ಅಂಚು ಸುರುಳಿಗಟ್ಟುತ್ತದೆ. ಕೋಣೆಯ ತೇವಾಂಶ ಶೇ. 45ರಿಂದ 55ರ ಒಳಗಿದ್ದರೆ ಕಾಗದ ನೆಮ್ಮದಿಯಾಗಿರುತ್ತದೆ. ಅಷ್ಟು ಅನುಕೂಲ ಇಲ್ಲದವರೂ ಒಂದು ಕೆಲಸ ಮಾಡಬಹುದು. ನಾಳೆ ಓಡಿಸುವ ಚೀಟಿಯನ್ನು ಸುತ್ತಿದ ಹೊದಿಕೆ ಬಿಚ್ಚದೆ ಇವತ್ತೇ ಲೈನಿನ ಪಕ್ಕ ತಂದಿಟ್ಟರೆ ಅದು ಆ ಕೋಣೆಯ ಉಷ್ಣಾಂಶಕ್ಕೆ ಹೊಂದಿಕೊಳ್ಳುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಪಾಲಿಸುವ ಕಾರ್ಖಾನೆಗಳು ನಾನು ಕಂಡಂತೆ ಕಡಿಮೆ.

ಇನ್ನು ಹಾಕುವ ಹೊತ್ತಿನ ವಿಷಯ. ಡಬ್ಬಿ ಬಂದದ್ದನ್ನು ಫೋಟೋ ಸೆನ್ಸರ್ ನೋಡುತ್ತದೆ, ಸ್ವಲ್ಪ ತಡೆದು ಫೀಡರಿಗೆ ಹೇಳುತ್ತದೆ. ಕನ್ವೇಯರ್ ನಿಮಿಷಕ್ಕೆ 20 ಮೀಟರ್ ಓಡುತ್ತಿದ್ದರೆ ಸೆಕೆಂಡಿಗೆ ಸುಮಾರು 333 ಮಿಲಿಮೀಟರ್ ಆಯಿತು. ಎಲ್ಲೋ 30 ಮಿಲಿಸೆಕೆಂಡ್ ತಡವಾದರೆ ಚೀಟಿ 10 ಮಿಲಿಮೀಟರ್ ಹಿಂದೆ ಬೀಳುತ್ತದೆ. ವೇಗ ದುಪ್ಪಟ್ಟಾದರೆ ಅದೇ ತಡಕ್ಕೆ 20 ಮಿಲಿಮೀಟರ್. ಹಾಗಾಗಿ ನಿಧಾನದಲ್ಲಿ ಚೆನ್ನಾಗಿ ಹೊಂದಿಸಿದ ಲೈನಿನಲ್ಲೂ ವೇಗ ಹೆಚ್ಚಿಸಿದೊಡನೆ ಡಬ್ಬಿಯ ಅಂಚಿಗೆ ಚೀಟಿ ಬಡಿಯತೊಡಗುತ್ತದೆ. ಕನ್ವೇಯರಿನ ಶಾಫ್ಟಿಗೆ ಎನ್‌ಕೋಡರ್ ಹಾಕಿ, ಸಮಯ ಎಣಿಸುವ ಬದಲು ಬೆಲ್ಟು ಸರಿದ ದೂರವನ್ನೇ ಎಣಿಸಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಕೊಳ್ಳುವಾಗ ಅದನ್ನು ಹೆಚ್ಚಿನ ಖರ್ಚೆಂದು ಬಿಡುವವರಿಗೆ ನಾನು ಇದೇ ಲೆಕ್ಕ ಬರೆದು ತೋರಿಸುತ್ತೇನೆ.

ಎಲ್ಲವೂ ಘರ್ಷಣೆಯ ಫೀಡರಿಗೆ ಒಗ್ಗುವುದಿಲ್ಲ. ಶಾಂಪೂ ಸ್ಯಾಷೆಯನ್ನು ಕಟ್ಟಿನಲ್ಲಿಟ್ಟು ಎಳೆದರೆ ಒಡೆಯುವ ಭಯ. ಅದನ್ನು ಸರವಾಗಿಯೇ ತಂದು ಒಂದೊಂದಾಗಿ ಕತ್ತರಿಸಿ ಹಾಕುವುದು ಒಳ್ಳೆಯದು. ಕಾರ್ಟನ್ನುಗಳಿಗೆ ನಿರ್ವಾತದಿಂದ ಹಿಡಿಯುವ ರಬ್ಬರ್ ಕಪ್ಪುಗಳು ಸರಿ.

ಇಷ್ಟೆಲ್ಲ ಮಾಡಿದರೂ ಯಾವುದೋ ಒಂದು ತಪ್ಪುತ್ತದೆ. ತಪ್ಪಿದ್ದನ್ನು ಹಿಡಿಯುವುದು ಹಾಕುವಷ್ಟೇ ಮುಖ್ಯವಾದ ಕೆಲಸ. ಚೀಟಿ ಬರಲಿಲ್ಲ ಎಂಬುದನ್ನು ಫೋಟೋ ಸೆನ್ಸರ್ ಹೇಳುತ್ತದೆ. ಎರಡು ಬಂದವು ಎನ್ನುವುದಕ್ಕೆ ದಪ್ಪ ಅಳೆಯುವ ಸೆನ್ಸರ್ ಬೇಕು, ಇಲ್ಲವೇ ಅಲ್ಟ್ರಾಸಾನಿಕ್. ಎರಡು ಹಾಳೆಗಳ ನಡುವಿನ ಗಾಳಿಯ ತೆಳು ಪದರ ಶಬ್ದದ ಅಲೆಯನ್ನು ಬಹಳವಾಗಿ ತಗ್ಗಿಸುತ್ತದೆ, ಅದರಿಂದ ಡಬಲ್ ತಿಳಿಯುತ್ತದೆ. ಆದರೆ ಮಡಚಿದ ಚೀಟಿಯ ಪದರಗಳ ನಡುವೆಯೂ ಗಾಳಿ ಇರುವುದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ, ದಪ್ಪವನ್ನೇ ನಂಬಬೇಕು. ಔಷಧಿ ಲೈನಿನಲ್ಲಿ ಇದೂ ಸಾಲದು, ಬಂದದ್ದು ಸರಿಯಾದ ಚೀಟಿಯೇ ಎಂದು ನೋಡಬೇಕು. ಅದಕ್ಕಾಗಿಯೇ ಚೀಟಿಯ ಅಂಚಿನಲ್ಲಿ ಫಾರ್ಮಾಕೋಡ್ ಎಂಬ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ, ರೀಡರ್ ಪ್ರತಿಯೊಂದನ್ನೂ ಓದುತ್ತದೆ. 2023ರ ಆಗಸ್ಟ್ 1ರಿಂದ ದೇಶದ 300 ಪ್ರಮುಖ ಔಷಧಿ ಬ್ರಾಂಡುಗಳ ಪ್ಯಾಕಿನ ಮೇಲೆ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಕಡ್ಡಾಯವಾಗಿದೆ. ಹೊರಗಿನ ಕೋಡಿನ ಮೇಲೆ ಇಷ್ಟು ಎಚ್ಚರ ವಹಿಸುವಾಗ ಒಳಗಿನ ಚೀಟಿ ಬೇರೆ ಮದ್ದಿನದಾದರೆ ಆ ಎಚ್ಚರಕ್ಕೆ ಅರ್ಥವಿಲ್ಲ. ವಯಸ್ಸಾದವರು ಕನ್ನಡಕ ಹಾಕಿಕೊಂಡು ಆ ಸಣ್ಣಕ್ಷರ ಓದುವುದನ್ನು ನಾನು ನನ್ನ ಮನೆಯಲ್ಲೇ ನೋಡುತ್ತೇನೆ.

ಇಲ್ಲಿ ನನ್ನನ್ನು ಈಗಲೂ ಕೆರಳಿಸುವ ಒಂದು ಅಭ್ಯಾಸವನ್ನು ಹೇಳಲೇಬೇಕು. ಒಂದು ಘಟಕದಲ್ಲಿ ಡಬಲ್ ಸೆನ್ಸರ್ ಪದೇ ಪದೇ ಲೈನು ನಿಲ್ಲಿಸುತ್ತದೆಂದು ಅದನ್ನು ಬೈಪಾಸ್ ಮಾಡಿದ್ದರು. ಸಂಜೆಯ ಎಣಿಕೆ ತುಂಬುತ್ತಿತ್ತು, ವರದಿ ಚೆನ್ನಾಗಿ ಕಾಣುತ್ತಿತ್ತು. ಸೆನ್ಸರ್ ಹೇಳುತ್ತಿದ್ದುದು ನಿಜವಾಗಿತ್ತು, ಬ್ಲೇಡು ಮೊಂಡಾದ ಲಾಟು ಅದು. ಕೇಳಿಸದಂತೆ ಅದರ ಬಾಯಿ ಮುಚ್ಚಿಸಿದರು. ಲೈನು ನಿಂತದ್ದಕ್ಕೆ ಆಪರೇಟರನ್ನು ಬೈಯುವ ಕಡೆಯಲ್ಲೆಲ್ಲ ಇದು ನಡೆಯುತ್ತದೆ. ದಿನದ ಕೊನೆಗೆ ಹಾಪರಿಗೆ ಹಾಕಿದ ಚೀಟಿ, ಪ್ಯಾಕಾದ ಡಬ್ಬಿ, ತೆಗೆದುಹಾಕಿದ್ದು ಈ ಮೂರೂ ತಾಳೆಯಾಗಬೇಕು. ತಾಳೆಯಾಗದೆ ಲೈನು ಕ್ಲಿಯರ್ ಎಂದು ಸಹಿ ಹಾಕಬಾರದು.

ಮೇಲಿಂಗ್ ಲೈನಿನಲ್ಲಿ ಡಬಲ್‌ನ ಪರಿಣಾಮ ಇನ್ನೂ ಕೆಟ್ಟದ್ದು. ಪ್ರತಿ ಲಕೋಟೆಗೆ ಎರಡು ಹಾಳೆಯ ಸ್ಟೇಟ್‌ಮೆಂಟ್ ಎನ್ನೋಣ. ಎಲ್ಲೋ ಒಂದು ಕಡೆ ಹಾಳೆ ಹೆಚ್ಚು ಹೋಯಿತೆಂದರೆ ಅಲ್ಲಿಂದ ಮುಂದಿನ ಪ್ರತಿಯೊಂದು ಲಕೋಟೆಯಲ್ಲೂ ಒಂದು ಹಾಳೆ ಪಕ್ಕದವರದ್ದು. ಒಬ್ಬರ ಸಾಲದ ಲೆಕ್ಕ ಇನ್ನೊಬ್ಬರ ಮನೆಗೆ ಹೋಗುತ್ತದೆ. ಹಾಳೆಯ ಅಂಚಿನ ಒಎಂಆರ್ ಗೆರೆ ಅಥವಾ ಟೂ-ಡಿ ಕೋಡನ್ನು ಯಂತ್ರ ಓದಿ ಕ್ರಮ ತಪ್ಪಿದ್ದನ್ನು ಹಿಡಿಯುವುದು ಇದನ್ನು ತಡೆಯಲೆಂದೇ. ಕಂತೆಗಳು ಪಿನ್ ಕೋಡಿನ ಕ್ರಮದಲ್ಲಿ ಬರುವುದರಿಂದ ಮಧ್ಯೆ ಜಾಮ್ ಆದಾಗ ಹೊರತೆಗೆದ ಲಕೋಟೆಗಳನ್ನು ಮತ್ತೆ ಅದೇ ಜಾಗಕ್ಕೆ ಸೇರಿಸಬೇಕು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆ ಆರು ಅಂಕಿಗಳು ಅಂಚೆಯವರ ಕೆಲಸ ಹಗುರ ಮಾಡಿದವು. 560ರಿಂದ ಶುರುವಾಗುವ ಕಂತೆಯಲ್ಲಿ 580ರ ಲಕೋಟೆ ನುಸುಳಿದರೆ ಧಾರವಾಡಕ್ಕೆ ಹೋಗಬೇಕಾದ ಕಾಗದ ಬೆಂಗಳೂರಿನಲ್ಲೇ ಸುತ್ತುತ್ತದೆ. ಜಾಮ್ ಬಿಡಿಸುವ ಕೈಗೆ ಈ ಕ್ರಮದ ಅರಿವು ಇರಬೇಕು.

ಆ ಕೈ ಯಾರದ್ದಾಗಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಫೀಡರ್ ಬಂದಾಗ ಕೆಲಸ ಕಳೆದುಕೊಂಡ ಹೆಂಗಸರನ್ನು ನೋಡಿದ್ದೇನೆ. ಗುತ್ತಿಗೆಯವರಾದ್ದರಿಂದ ಮರುದಿನ ಬರಬೇಡಿ ಎಂದರೆ ಮುಗಿಯಿತು. ಅವರ ಜಾಗಕ್ಕೆ ಐಟಿಐ ಮುಗಿಸಿದ ಹುಡುಗರು ಬಂದರು. ಹುಡುಗರಿಗೆ ಸ್ಕ್ರೀನಿನ ಮೇಲಿನ ಅಂಕಿ ಗೊತ್ತು, ಕಾಗದ ಗೊತ್ತಿಲ್ಲ. ಅದೇ ಹೆಂಗಸರಲ್ಲಿ ಕೆಲವರಿಗೆ ಯಂತ್ರ ಕಲಿಸಿದ ಕಡೆ ಲೈನುಗಳು ಚೆನ್ನಾಗಿ ನಡೆದವು. ಗೇಟು ಹೊಂದಿಸುವುದು, ಬೆಲ್ಟನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸುವುದು, ಸೆನ್ಸರ್ ಶುಚಿ ಮಾಡುವುದು ಇವೆಲ್ಲ ಕಲಿಯಬಲ್ಲ ಕೆಲಸಗಳು. ಆದರೆ ಕಟ್ಟು ಮುಟ್ಟಿದೊಡನೆ ಇದು ಓಡುತ್ತದೋ ಇಲ್ಲವೋ ಎಂದು ಹೇಳುವ ಬೆರಳು ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಮಾತ್ರ ಸಿಗುತ್ತದೆ. ಅದನ್ನು ಕಾರ್ಖಾನೆಯ ಗೇಟಿನಾಚೆ ಕಳಿಸಿ ಯಂತ್ರದ ಮೇಲೆ ದೂರು ಹೇಳುವುದು ಅನ್ಯಾಯ, ನಷ್ಟವೂ ಹೌದು.

ಫೀಡರ್ ಕೊಳ್ಳಲು ಹೊರಟವರಿಗೆ ನನ್ನ ವಿನಂತಿ ಇಷ್ಟು. ಮಾರುವವರ ಕಾರ್ಖಾನೆಯಲ್ಲಿ ಟ್ರಯಲ್ ನೋಡುವಾಗ ಅವರ ಮಾದರಿ ಚೀಟಿ ಓಡಿಸಲು ಬಿಡಬೇಡಿ. ನಿಮ್ಮದೇ ಚೀಟಿ ಒಯ್ಯಿರಿ. ಅದರಲ್ಲೂ ಗೋಡೌನಿನ ಮೂಲೆಯಲ್ಲಿ ಕೂತು ಬಾಗಿದ್ದು, ಮಳೆಗಾಲದಲ್ಲಿ ಮೆತ್ತಗಾದದ್ದು, ಪ್ರೆಸ್ಸಿನಿಂದ ಪೌಡರ್ ಸಮೇತ ಬಂದದ್ದು, ಇಂಥ ಕಟ್ಟುಗಳನ್ನೇ ಆರಿಸಿ ಕೊಡಿ. ನಿಮ್ಮ ಲೈನಿನ ವೇಗದಲ್ಲಿ ಇಡೀ ಒಂದು ಗಂಟೆ ಓಡಲಿ. ನಾಳೆ ಅದನ್ನು ನಡೆಸಬೇಕಾದ ಹೆಣ್ಣುಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಹಾಪರಿಗೆ ಅವಳೇ ತುಂಬಲಿ. ಅವಳು ಸರಿ ಎಂದ ಮೇಲೆ ಅಡ್ವಾನ್ಸ್ ಕೊಡಿ.