ಹಿಮೋಫಿಲಿಯಾಕ್ಕೆ ಜೀನ್ ಥೆರಪಿ: ಸಹಿ ಹಾಕುವ ಮುನ್ನ ರೋಗಿಗಿರುವ ಹಕ್ಕುಗಳು

ಕನ್ನಡದಲ್ಲಿ ಕುಸುಮರೋಗವೆಂದೂ ಕರೆಯಲಾಗುವ ಹಿಮೋಫಿಲಿಯಾ, ರಕ್ತ ಹೆಪ್ಪುಗಟ್ಟಲು ಬೇಕಾದ, ಫ್ಯಾಕ್ಟರ್ ಎಂದು ಕರೆಯುವ ಪ್ರೋಟೀನುಗಳಲ್ಲೊಂದು ಹುಟ್ಟಿನಿಂದಲೇ ಇಲ್ಲದಿರುವ ಅಥವಾ ತೀರಾ ಕಡಿಮೆಯಿರುವ ಆನುವಂಶಿಕ ಸ್ಥಿತಿ. ಎಂಟನೆಯ ಫ್ಯಾಕ್ಟರಿನ ಕೊರತೆಯಿದ್ದರೆ ಅದು ಹಿಮೋಫಿಲಿಯಾ ‘ಎ’, ಒಂಬತ್ತನೆಯದರ ಕೊರತೆಯಿದ್ದರೆ ‘ಬಿ’. ಫ್ಯಾಕ್ಟರಿನ ಪ್ರಮಾಣ ಸಾಮಾನ್ಯ ಮಟ್ಟದ ಶೇ. 1ಕ್ಕಿಂತ ಕೆಳಗಿರುವವರಲ್ಲಿ ಪೆಟ್ಟೇನೂ ಬೀಳದೆ ಕೀಲಿನೊಳಗೆ ರಕ್ತ ಒಸರುತ್ತದೆ; ರಾತ್ರಿ ಮಲಗುವಾಗ ಸರಿಯಾಗಿದ್ದ ಮಂಡಿ ಬೆಳಗಾಗುವಷ್ಟರಲ್ಲಿ ಬಿಸಿಯೇರಿ, ಊದಿ, ಮಡಚಲಾಗದಂತಾಗುತ್ತದೆ. ಹೊರಗಿನಿಂದ ಫ್ಯಾಕ್ಟರ್ ಚುಚ್ಚಿಸಿಕೊಳ್ಳುತ್ತ ಬಾಳಬೇಕಾದ ಇಂಥವರಿಗೆ, ದೇಹವೇ ಆ ಪ್ರೋಟೀನನ್ನು ತಯಾರಿಸಿಕೊಳ್ಳುವಂತೆ ಸರಿಯಾದ ವಂಶವಾಹಿಯನ್ನು ಒಳಸೇರಿಸುವ ಚಿಕಿತ್ಸೆಯೇ ಜೀನ್ ಥೆರಪಿ. ಆ ವಂಶವಾಹಿಯನ್ನು ಜೀವಕೋಶದವರೆಗೆ ಹೊತ್ತೊಯ್ಯುವುದು ರೋಗ ತರುವ ಶಕ್ತಿಯನ್ನು ಕಳೆದಿರುವ ವೈರಸ್. ಇದಕ್ಕೆ ವೆಕ್ಟರ್ ಎನ್ನುತ್ತಾರೆ.

ಭಾರತದಲ್ಲಿ ಇದು ದೂರದ ಮಾತಾಗಿ ಉಳಿದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾಗಿರುವ ಕಾಂಡಕೋಶ ಸಂಶೋಧನಾ ಕೇಂದ್ರವು ತೀವ್ರ ಹಿಮೋಫಿಲಿಯಾ ‘ಎ’ ಇರುವ 5 ಮಂದಿಗೆ ಅವರದೇ ಕಾಂಡಕೋಶಗಳನ್ನು ತಿದ್ದಿ ಮರಳಿ ನೀಡಿದ ಪ್ರಯೋಗದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು; ಚಿಕಿತ್ಸೆಯ ನಂತರದ ನಿಗಾದ ಅವಧಿಯಲ್ಲಿ ಅವರಲ್ಲಿ ರಕ್ತಸ್ರಾವ ಮರುಕಳಿಸಲಿಲ್ಲವೆಂಬುದು ದೊಡ್ಡ ಸಮಾಧಾನ. ಅಮೆರಿಕದಲ್ಲಿ ಹಿಮೋಫಿಲಿಯಾ ‘ಬಿ’ಗೆ 2022ರಲ್ಲಿ ಒಪ್ಪಿಗೆ ಪಡೆದ ಹೆಮ್‌ಜೆನಿಕ್ಸ್ ಎಂಬ ಔಷಧಿಯ ಒಂದು ಡೋಸಿಗೆ 35 ಲಕ್ಷ ಡಾಲರ್ ಬೆಲೆಯಿಟ್ಟಿದ್ದನ್ನು ನೋಡಿದರೆ, ಇಲ್ಲಿನ ಸಾಮಾನ್ಯ ಕುಟುಂಬಕ್ಕೆ ಈ ಚಿಕಿತ್ಸೆಯ ಬಾಗಿಲು ಸದ್ಯಕ್ಕೆ ಕ್ಲಿನಿಕಲ್ ಟ್ರಯಲ್, ಅಂದರೆ ಮನುಷ್ಯರ ಮೇಲಿನ ಔಷಧ ಪ್ರಯೋಗದ ಮೂಲಕವೇ ತೆರೆಯಬೇಕು ಎಂಬುದು ಸ್ಪಷ್ಟ.

ಈ ಬಾಗಿಲಿನ ಮುಂದೆ ನಿಂತ ರೋಗಿಗಳ ಮನಸ್ಸು ಒಂದೇ ಬಗೆಯದಲ್ಲ. ಸೂಜಿಯಿಂದ, ಆಸ್ಪತ್ರೆಯ ಓಡಾಟದಿಂದ, ತಾಯಿತಂದೆಯ ಮೇಲಿನ ಅವಲಂಬನೆಯಿಂದ ಬಿಡುಗಡೆ ಸಿಕ್ಕೀತೆಂಬ ಹಂಬಲ ಒಂದೆಡೆ. ಚಿಕಿತ್ಸೆಯ ಪರಿಣಾಮ ಎಷ್ಟು ವರ್ಷ ಉಳಿದೀತು, ಯಕೃತ್ತಿಗೆ ತೊಂದರೆಯಾದೀತೇ, ಮುಂದೆಂದೋ ಕ್ಯಾನ್ಸರ್ ಕಾಣಿಸೀತೇ ಎಂಬ ಅಳುಕು ಇನ್ನೊಂದೆಡೆ. ಈ ಅಳುಕಿಗೆ ಚರಿತ್ರೆಯ ಬೇರೂ ಇದೆ: 1970 ಮತ್ತು 80ರ ದಶಕಗಳಲ್ಲಿ ಸೋಂಕುಗೊಂಡ ರಕ್ತ ಉತ್ಪನ್ನಗಳಿಂದ ಎಚ್‌ಐವಿ ಮತ್ತು ಹೆಪಟೈಟಿಸ್ ‘ಸಿ’ ತಗುಲಿ ಲೋಕದಾದ್ಯಂತ ಸಾವಿರಾರು ಹಿಮೋಫಿಲಿಯಾ ರೋಗಿಗಳು ನರಳಿದರು, ಅನೇಕರು ತೀರಿಕೊಂಡರು. ಹೊಸ ಔಷಧವನ್ನು ಅನುಮಾನದಿಂದ ನೋಡುವ ರೋಗಿಯನ್ನು ಅಜ್ಞಾನಿಯೆಂದು ತಳ್ಳಿಹಾಕುವುದು ಆದ್ದರಿಂದಲೇ ಅನ್ಯಾಯ; ಅವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಕೊಡುವ ಹೊಣೆಯನ್ನು ಕಾನೂನು ಸಂಶೋಧಕರ ಮೇಲೆಯೇ ಹೊರಿಸಿದೆ.

ಸಾಮಾನ್ಯ ಔಷಧ ಪ್ರಯೋಗದಲ್ಲಿ ಪಾಲ್ಗೊಂಡವರು ಯಾವ ಹಂತದಲ್ಲಾದರೂ ಕಾರಣ ಹೇಳದೆ ಹೊರಬರಬಹುದು, ಮಾತ್ರೆ ನಿಲ್ಲಿಸಿದರೆ ಅಲ್ಲಿಗೆ ಮುಗಿಯಿತು. ಜೀನ್ ಥೆರಪಿಯಲ್ಲಿ ಹೊರಬರುವ ಹಕ್ಕು ಕಾಗದದ ಮೇಲೆ ಹಾಗೆಯೇ ಉಳಿದರೂ, ಒಮ್ಮೆ ಮೈಯೊಳಗೆ ಸೇರಿದ ವಂಶವಾಹಿಯನ್ನು ಹಿಂದಕ್ಕೆ ತೆಗೆಯಲಾಗದು. ಯಕೃತ್ತನ್ನು ಗುರಿಯಾಗಿಸುವ ಎಎವಿ ಎಂಬ ವೆಕ್ಟರ್ ಬಳಸಿದರೆ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಅದೇ ಬಗೆಯ ಚಿಕಿತ್ಸೆಯನ್ನು ಎರಡನೆಯ ಬಾರಿ ಪಡೆಯುವ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತದೆ. ಹಾಗಾಗಿ ಇಲ್ಲಿ ರೋಗಿಯ ಸ್ವಾತಂತ್ರ್ಯವೆಲ್ಲ ಡೋಸ್ ಪಡೆಯುವ ಮುಂಚಿನ ದಿನಗಳಲ್ಲಿ, ಒಪ್ಪಿಗೆ ಪತ್ರದ ಸುತ್ತಲೇ ಇರುತ್ತದೆ.

ಆ ಪತ್ರದಲ್ಲಿ ಏನಿರಬೇಕೆಂಬುದನ್ನು ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, 2019 ಇವುಗಳ ಮೂರನೆಯ ಅನುಸೂಚಿ ಹೇಳುತ್ತದೆ. ಜೀನ್ ಥೆರಪಿಯ ಉತ್ಪನ್ನಗಳನ್ನು ಈ ನಿಯಮಗಳು ಯಾವಾಗಲೂ ‘ಹೊಸ ಔಷಧ’ವೆಂದೇ ಪರಿಗಣಿಸುವುದರಿಂದ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಮತ್ತು ನೋಂದಾಯಿತ ಎಥಿಕ್ಸ್ ಕಮಿಟಿಯ, ಅಂದರೆ ಪ್ರಯೋಗದ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ, ಒಪ್ಪಿಗೆಯಿಲ್ಲದೆ ಪ್ರಯೋಗ ನಡೆಸುವಂತಿಲ್ಲ. ರೋಗಿಗೆ ಕೊಡುವ ಮಾಹಿತಿ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕ ಪದಗಳ ಭಾರವಿಲ್ಲದೆ ಇರಬೇಕು; ಇದು ಸಂಶೋಧನೆಯೆಂಬುದು, ನಿರೀಕ್ಷಿಸಬಹುದಾದ ಅಪಾಯಗಳು, ಲಭ್ಯವಿರುವ ಬೇರೆ ಚಿಕಿತ್ಸೆಗಳು, ಔಷಧ ನಿರೀಕ್ಷಿತ ಫಲ ಕೊಡದೆ ಹೋಗುವ ಸಾಧ್ಯತೆ, ಇವೆಲ್ಲವೂ ಅದರಲ್ಲಿ ಬರಬೇಕು. ಹಿಮೋಫಿಲಿಯಾ ‘ಎ’ ಇರುವವರಿಗೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್‌ನಂಥ ಔಷಧ ಈಗಾಗಲೇ ಇರುವಾಗ, ಅದರ ಮಾತೆತ್ತದ ಮಾಹಿತಿ ಪತ್ರವನ್ನು ಪೂರ್ಣವೆನ್ನಲಾಗದು. ತಿದ್ದಿದ ಕಾಂಡಕೋಶಗಳನ್ನು ಮರಳಿ ನೀಡುವ ವಿಧಾನದಲ್ಲಿ ಮೊದಲು ಕೀಮೋಥೆರಪಿ ಇರುವುದರಿಂದ, ಮಕ್ಕಳಾಗುವ ಸಾಮರ್ಥ್ಯದ ಮೇಲಿನ ಪರಿಣಾಮವನ್ನೂ ಕೇಳಿ ತಿಳಿಯಬೇಕು. ಹಾಗೆಯೇ, ಈ ಚಿಕಿತ್ಸೆ ಮುಂದಿನ ಪೀಳಿಗೆಗೆ ಹೋಗುವ ವಂಶವಾಹಿಯನ್ನು ಬದಲಿಸುವುದಿಲ್ಲ. ರಕ್ತಸ್ರಾವ ನಿಂತ ತಂದೆಯ ಹೆಣ್ಣುಮಕ್ಕಳು ಮೊದಲಿನಂತೆಯೇ ರೋಗದ ವಾಹಕರಾಗಿರುತ್ತಾರೆ.

ಒಪ್ಪಿಗೆ ಪತ್ರದಲ್ಲಿ ರೋಗಿಯ ಉದ್ಯೋಗ, ವಾರ್ಷಿಕ ಆದಾಯ ಮತ್ತು ನಾಮಿನಿಯ ಹೆಸರು, ವಿಳಾಸ, ಸಂಬಂಧ ಬರೆಯುವ ಸಾಲುಗಳಿರುತ್ತವೆ. ಅವಸರದಲ್ಲಿ ಖಾಲಿ ಬಿಟ್ಟುಹೋಗಬಾರದ ಸಾಲುಗಳಿವು, ಏಕೆಂದರೆ ಪ್ರಯೋಗದಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಸಲ್ಲಬೇಕೆಂಬುದನ್ನು ತಿಳಿಸುವುದು ಅವೇ. ಓದಲು ಬಾರದವರಿಗೆ, ಪ್ರಯೋಗದ ತಂಡಕ್ಕೆ ಸೇರದ ನಿಷ್ಪಕ್ಷಪಾತ ಸಾಕ್ಷಿಯೊಬ್ಬರ ಮುಂದೆ ಎಲ್ಲವನ್ನೂ ಓದಿ ಹೇಳಬೇಕು. ಮಾಹಿತಿ ಪತ್ರದ ಜೊತೆಗೆ ಸಹಿಯಾದ ಒಪ್ಪಿಗೆ ಪತ್ರದ ಪ್ರತಿಯೂ ರೋಗಿಯ ಕೈ ಸೇರಬೇಕು.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ರಕ್ಷಣೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿದೆ. ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಕಾಯಿಲೆಗಳ ಜೊತೆ ಹಿಮೋಫಿಲಿಯಾವನ್ನೂ ಅನುಸೂಚಿಯಲ್ಲಿ ಸೇರಿಸಿರುವ ಈ ಕಾಯ್ದೆಯ 6ನೆಯ ಪ್ರಕರಣದಂತೆ, ಅಂಗವಿಕಲ ವ್ಯಕ್ತಿಯನ್ನು ಅವರ ಮುಕ್ತ ಹಾಗೂ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾವುದೇ ಸಂಶೋಧನೆಗೆ ಒಳಪಡಿಸುವಂತಿಲ್ಲ. ಅದರ ಜೊತೆಗೆ ಸರ್ಕಾರ ರಚಿಸಿದ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಃ ಅಂಗವಿಕಲರು ಅಥವಾ ಅಂಗವಿಕಲರ ನೋಂದಾಯಿತ ಸಂಘಗಳ ಸದಸ್ಯರಾಗಿರಬೇಕೆಂಬ ಮಾತು ಬಹಳ ಬೆಲೆಯುಳ್ಳದ್ದು: ಊದಿದ ಮಂಡಿಯ ನೋವು ಗೊತ್ತಿರುವವರ ದನಿ ತೀರ್ಮಾನದ ಮೇಜಿನಲ್ಲಿ ಕೇಳಬೇಕೆಂದು ಶಾಸನವೇ ಬಯಸಿದೆ. ಈ ಅನುಮತಿ ದೊರೆತಿದೆಯೇ ಎಂದು ಪ್ರಯೋಗದ ತಂಡವನ್ನು ಕೇಳಲು ರೋಗಿ ಹಿಂಜರಿಯಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ತಾಯಿತಂದೆಯ ಸಹಿಯೊಂದೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನು ಮಾತಿನಲ್ಲಿ, 12 ದಾಟಿದವರದನ್ನು ಬರಹದಲ್ಲಿ ಪಡೆಯಬೇಕು.

ಪ್ರಯೋಗದಿಂದ ಹಾನಿಯಾದಾಗ ಉಚಿತ ಚಿಕಿತ್ಸೆಯ ಜೊತೆಗೆ ಪರಿಹಾರಧನವೂ ರೋಗಿಯ ಹಕ್ಕು. ಗಂಭೀರ ದುಷ್ಪರಿಣಾಮವನ್ನು ಸಂಶೋಧಕ ವೈದ್ಯರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೂ, ಪ್ರಯೋಗದ ವೆಚ್ಚ ಮತ್ತು ಹೊಣೆ ಹೊತ್ತ ಪ್ರಾಯೋಜಕರಿಗೂ, ಎಥಿಕ್ಸ್ ಕಮಿಟಿಗೂ ತಿಳಿಸಬೇಕು. ಹಾನಿ ಪ್ರಯೋಗಕ್ಕೆ ಸಂಬಂಧಿಸಿದ್ದೇ ಎಂಬುದನ್ನೂ ಪರಿಹಾರದ ಮೊತ್ತವನ್ನೂ ನಿಯಂತ್ರಕರು 90 ದಿನಗಳೊಳಗೆ ತೀರ್ಮಾನಿಸಬೇಕು. ಆದೇಶ ತಲುಪಿದ 30 ದಿನಗಳೊಳಗೆ ಪ್ರಾಯೋಜಕರು ಹಣ ಪಾವತಿಸಬೇಕು. 2019ರ ನಿಯಮಗಳ ಏಳನೆಯ ಅನುಸೂಚಿಯ ಸೂತ್ರ 8 ಲಕ್ಷ ರೂಪಾಯಿಯನ್ನು ಮೂಲ ಮೊತ್ತವಾಗಿಟ್ಟುಕೊಂಡು ವಯಸ್ಸು ಮತ್ತು ಕಾಯಿಲೆಯ ಅಪಾಯದ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಚಿಕಿತ್ಸೆ ಫಲಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ. ಲಭ್ಯವಿದ್ದ ಪ್ರಮಾಣಿತ ಚಿಕಿತ್ಸೆಯನ್ನು ಕೊಡದೆ, ಪ್ರಯೋಗದ ಔಷಧವೂ ಫಲಿಸದೆ ಹಾನಿಯಾಗಿದ್ದರೆ ಆಗ ಅದು ಪರಿಹಾರಕ್ಕೆ ಅರ್ಹ.

ಪ್ರಯೋಗಕ್ಕೆ ಬಾರೆನೆಂದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈವರೆಗೆ ಸಿಗುತ್ತಿದ್ದ ಫ್ಯಾಕ್ಟರ್ ತಪ್ಪುವಂತಿಲ್ಲ. ನಿರಾಕರಣೆಗೆ ದಂಡನೆಯಿರಬಾರದು, ಸಿಗುತ್ತಿದ್ದ ಸೌಲಭ್ಯ ನಷ್ಟವಾಗಬಾರದು ಎಂಬುದು ಒಪ್ಪಿಗೆಯ ನಿಯಮದ ಭಾಗವೇ. ನಿರ್ಧಾರಕ್ಕೆ ಮುನ್ನ ಸಮಾನ ಅನುಭವವುಳ್ಳವರ ಮಾತು ಕೇಳಬಯಸುವವರಿಗೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಘಗಳಿವೆ.

ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರತಿಯೊಂದು ಪ್ರಯೋಗವೂ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಗೆ ಸೇರಿರಬೇಕು. ‘ಸಿಟಿಆರ್‌ಐ’ ಎಂದು ಆರಂಭವಾಗುವ ಅದರ ಸಂಖ್ಯೆಯನ್ನು ಕೇಳಿ ಪಡೆದು ಯಾರು ಬೇಕಾದರೂ ಪರಿಶೀಲಿಸಬಹುದು. ತಕರಾರಿದ್ದರೆ ಮೊದಲು ಮಾಹಿತಿ ಪತ್ರದಲ್ಲಿ ಹೆಸರಿಸಿರುವ ಎಥಿಕ್ಸ್ ಕಮಿಟಿಗೆ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿ ಸ್ಪಂದನೆ ಸಿಗದಿದ್ದರೆ ದೆಹಲಿಯ ಕೇಂದ್ರ ಔಷಧ ನಿಯಂತ್ರಕರಿಗೆ ಬರೆಯಬಹುದು, ಅಂಗವಿಕಲರ ಹಕ್ಕಿನ ಉಲ್ಲಂಘನೆಯಾಗಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ಆಯುಕ್ತರ ಮೊರೆ ಹೋಗಬಹುದು. ಈ ಯಾವ ದೂರಿಗೂ ಸಹಿಯಾದ ಒಪ್ಪಿಗೆ ಪತ್ರದ ಪ್ರತಿ, ಡೋಸ್ ಪಡೆದ ದಿನಾಂಕ ಮತ್ತು ಅನಂತರದ ರಕ್ತಪರೀಕ್ಷೆಯ ವರದಿಗಳೇ ಆಧಾರವಾದ್ದರಿಂದ, ಅವುಗಳ ಒಂದೊಂದು ನಕಲು ಮನೆಯ ಕಡತದಲ್ಲೂ ಇರಬೇಕು.