ಓಲೆಯ ಸತ್ಯಾಸತ್ಯ ಪರೀಕ್ಷೆ

ಸೂಡಿಯ ಹೆಸರಿನೊಡನೆ ಒಂದು ತಾಮ್ರಪಟದ ವೃತ್ತಾಂತವೂ ಬೆರೆತಿದೆ. ಗಂಗ ದೊರೆ ಬೂತುಗನು ಶಕ 860, ಎಂದರೆ ಕ್ರಿ.ಶ. 938ರಲ್ಲಿ ಹೊರಡಿಸಿದುದೆಂದು ಹೇಳಿಕೊಳ್ಳುವ ಈ ಪಟವನ್ನು ಜೆ. ಎಫ್. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿ, ಕೂಟಶಾಸನವೆಂದು ನಿರ್ಣಯಿಸಿದರು. ರಾಜನ ಹೆಸರಿದ್ದ ಮಾತ್ರಕ್ಕೆ ಶಾಸನವು ರಾಜನದಾಗದು. ಲಿಪಿ, ಕಾಲಗಣನೆ, ವಂಶಾವಳಿಗಳನ್ನು ಒರೆಗೆ ಹಚ್ಚಿಯೇ ಒಪ್ಪಬೇಕು.

ಇಂದಿನ ಇ-ಮೇಲಿಗೂ ಈ ನಿಯಮವೇ ಸಲ್ಲುತ್ತದೆ. 1978ರ ಮೇ ತಿಂಗಳಲ್ಲಿ ಅಮೆರಿಕದ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಗಣಕಯಂತ್ರದ ಜಾಹೀರಾತೊಂದು ಕೇಳದೆಯೇ ಬಂದಿತು. ಸ್ಪ್ಯಾಮಿನ ಮೊದಲ ನಿದರ್ಶನ ಅದೇ ಎನ್ನುವರು.

ಸ್ಪ್ಯಾಮ್ ಕುರಿತು ದೂರು ಬಂದಾಗ ಪರಿಶೀಲಕನು ಮೊದಲು ಮೂಲ ಓಲೆಯನ್ನು ಪೂರ್ಣ ಹೆಡರ್ ಸಹಿತ ಕೇಳಿ ಪಡೆಯಬೇಕು. ಕಳುಹಿಸಿದವರ ವಿಳಾಸವನ್ನು ಯಾರು ಬೇಕಾದರೂ ಹುಸಿಯಾಗಿ ಬರೆಯಬಲ್ಲರು. ಆದರೆ ಓಲೆಯು ಹಾದುಬಂದ ಪ್ರತಿಯೊಂದು ಸರ್ವರೂ ಅಂಚೆಯ ಮುದ್ರೆಯಂತೆ ತನ್ನ ಗುರುತನ್ನು ಹೆಡರಿನ ಮೇಲ್ತುದಿಗೆ ಸೇರಿಸುತ್ತದೆ. ಸಂಸ್ಥೆಯ ಸ್ವಂತ ಸರ್ವರು ಒತ್ತಿದ ಗುರುತು ನಂಬಲರ್ಹ. ಅದರ ಕೆಳಗಿನವು ಕೃತ್ರಿಮವಾಗಿರಬಹುದಾದುದರಿಂದ ಒಂದೊಂದನ್ನೂ ಹೋಲಿಸಿ ನೋಡಬೇಕು. ಒಂದೇ ಓಲೆಯ ಬಗೆಗೆ ಬಂದ ಹಲವು ದೂರುಗಳನ್ನು ಒಟ್ಟುಗೂಡಿಸಿದರೆ ಶ್ರಮವೂ ಕಾಲವೂ ಉಳಿಯುತ್ತವೆ.

ಅವಸರದ ತೀರ್ಪಿನಿಂದ ನಿರಪರಾಧಿಯ ವಿಳಾಸವು ನಿರ್ಬಂಧಕ್ಕೆ ಒಳಗಾಗುತ್ತದೆ. ಆಲಸ್ಯದಿಂದಲಾದರೋ, ಮಠ ಅಥವಾ ಶಾಲೆಯ ಹೆಸರು ಹೊತ್ತ ಹುಸಿಯೋಲೆಯನ್ನು ನಂಬಿದ ದಾನಿಯ ಗಳಿಕೆ ವಂಚಕನ ಪಾಲಾಗುತ್ತದೆ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಸಲ್ಲಿಸಬೇಕು. ಕಾಯಕದಿಂದ ಬಂದ ಹಣವು ದಾಸೋಹಕ್ಕೇ ಸಲ್ಲಬೇಕಾದರೆ, ಕೊಡುವ ಕೈಗೆ ಪರೀಕ್ಷಿಸುವ ಕಣ್ಣೂ ಜೊತೆಗಿರಬೇಕು.