ಕಮಲಾಬಾಯಿ ಗೋಖಲೆ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮರಾಠಿ ರಂಗಭೂಮಿ ವೈಭವದಿಂದ ಮೆರೆಯುತ್ತಿತ್ತು. ಆದರೆ ಆ ವೈಭವದಲ್ಲಿ ಹೆಣ್ಣಿಗೆ ಪಾಲಿರಲಿಲ್ಲ. ಶಕುಂತಲೆಯಾಗಲಿ ಸುಭದ್ರೆಯಾಗಲಿ, ಸೀರೆಯುಟ್ಟು ರಂಗಕ್ಕೆ ಬರುತ್ತಿದ್ದವರು ಬಹುಮಟ್ಟಿಗೆ ಪುರುಷರೇ. ಕುಲೀನ ಮನೆತನದ ಹೆಣ್ಣು ಬಣ್ಣ ಹಚ್ಚಿದರೆ ಮಾನ ಹೋಯಿತೆಂದೇ ಜನ ಭಾವಿಸುತ್ತಿದ್ದರು.

ಇಂಥ ಕಾಲದಲ್ಲಿ, 1903ರ ಸುಮಾರಿಗೆ, ದುರ್ಗಾಬಾಯಿ ಕಾಮತ್ ಎಂಬ ಬ್ರಾಹ್ಮಣ ಗೃಹಿಣಿ ಪತಿಯಿಂದ ಬೇರೆಯಾದರು. ಕಂಕುಳಲ್ಲಿ ಎಳೆಯ ಮಗಳು ಕಮಲಾ. ಅಂದು ಒಂಟಿ ಹೆಂಗಸಿಗೆ ಹೊಟ್ಟೆ ಹೊರೆಯಲು ಕಂಡವರ ಮನೆಯ ಚಾಕರಿಯ ಹೊರತು ಬೇರೆ ದಾರಿಗಳು ವಿರಳ. ದುರ್ಗಾಬಾಯಿ ಸಂಚಾರಿ ನಾಟಕ ಮಂಡಳಿಯನ್ನು ಸೇರಿದರು. ಸ್ವಜನರು ದೂರವಿಟ್ಟರು. ಮಂಡಳಿ ಬೀಡುಬಿಟ್ಟ ಊರೇ ಮಗಳಿಗೆ ಊರು, ರಂಗಮಂದಿರವೇ ಪಾಠಶಾಲೆ. ಆಟವಾಡುವ ವಯಸ್ಸಿನಲ್ಲಿಯೇ ಕಮಲಾ ಮುಖಕ್ಕೆ ಬಣ್ಣ ಹಚ್ಚಿದಳು.

1913ರಲ್ಲಿ ದಾದಾಸಾಹೇಬ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ಚಿತ್ರದ ತಾರಾಮತಿಗೆ ಹೆಣ್ಣು ದೊರೆಯದೆ ಸಾಳುಂಕೆ ಎಂಬ ತರುಣನಿಗೆ ಸೀರೆ ಉಡಿಸಿದ್ದರು. ಅದೇ ವರ್ಷ ತಯಾರಿಸಿದ ‘ಮೋಹಿನಿ ಭಸ್ಮಾಸುರ’ಕ್ಕೆ ಆ ತಾಪತ್ರಯವಿರಲಿಲ್ಲ. ದುರ್ಗಾಬಾಯಿ ಪಾರ್ವತಿಯಾದರು, ಹದಿಮೂರರ ಕಮಲಾ ಮೋಹಿನಿಯಾದಳು. ಭಾರತೀಯ ಚಲನಚಿತ್ರದಲ್ಲಿ ಅಭಿನಯಿಸಿದ ಮೊದಲ ಸ್ತ್ರೀಯರೆಂದು ಈ ತಾಯಿಮಗಳನ್ನೇ ಹೆಸರಿಸುತ್ತಾರೆ. ಸಂಗೀತ ನಾಟಕಗಳ ನಡುವೆ ಬೆಳೆದ ಬಾಲೆಯ ಕಂಠ ಮಾತ್ರ ಆ ಚಿತ್ರದಲ್ಲಿ ಕೇಳಲಿಲ್ಲ. ಅದು ಮೂಕಿಚಿತ್ರಗಳ ಕಾಲ.

ಮುಂದೆ ಕಮಲಾಬಾಯಿಯವರ ಕೈಹಿಡಿದವರು ರಘುನಾಥರಾವ್ ಗೋಖಲೆ. ಅವರೂ ನಟರೇ. ಮೊದಲು ಕಿರ್ಲೋಸ್ಕರ ಮಂಡಳಿಯಲ್ಲಿ ಸ್ತ್ರೀಪಾತ್ರ ವಹಿಸುತ್ತಿದ್ದರು. (ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬರು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು.) ಹರೆಯದಲ್ಲಿ ಕಂಠ ಒಡೆದ ಮೇಲೆ ರಘುನಾಥರಾಯರು ಪುರುಷ ಪಾತ್ರಗಳಿಗೆ ತಿರುಗಿದರು. ಈಗ ಅವರೆದುರು ನಾಯಕಿಯಾಗಿ ನಿಂತವರು ನಿಜವಾದ ಹೆಣ್ಣು, ಅವರ ಧರ್ಮಪತ್ನಿ!

ಈ ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಕಮಲಾಬಾಯಿಯವರಿಗೆ ಇಪ್ಪತ್ತೈದರ ಸುಮಾರಿನಲ್ಲಿಯೇ ವೈಧವ್ಯ ಒದಗಿತು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಗರ್ಭದಲ್ಲಿ ಮೂರನೆಯ ಶಿಶು. ವಿಧವೆಯಾದವಳು ಮೂಲೆ ಸೇರಬೇಕೆಂಬುದು ಅಂದಿನ ಕಟ್ಟಳೆ. ಕಮಲಾಬಾಯಿ ಸೇರಲಿಲ್ಲ. ಸೇರಿದ್ದರೆ ಆ ಮಕ್ಕಳಿಗೆ ಅನ್ನವಿಕ್ಕುವವರು ಯಾರು? ತಾಯಿ ತುಳಿದ ಹಾದಿಯನ್ನೇ ಅವರೂ ತುಳಿದರು. ಸ್ತ್ರೀಯರೇ ಆಡುವ ನಾಟಕಗಳಲ್ಲಿ ಗಂಡುವೇಷವನ್ನೂ ಧರಿಸಿದರು. ಒಂದೇ ಸಂಸಾರದಲ್ಲಿ ಗಂಡ ಹೆಣ್ಣಾಗಿ, ಹೆಂಡತಿ ಗಂಡಾಗಿ ಪ್ರೇಕ್ಷಕರ ಮುಂದೆ ನಿಂತದ್ದು ವಿಚಿತ್ರವೇ ಸರಿ. ಆದರೆ ಪತಿಯ ಕಾಲದಲ್ಲಿ ಅದು ರಂಗದ ಪದ್ಧತಿಯಾಗಿತ್ತು. ಪತ್ನಿಗೆ ಅದು ಹೊಟ್ಟೆಯ ಪ್ರಶ್ನೆಯಾಗಿತ್ತು.

ಹಿರಿಯ ಮಗ ಚಂದ್ರಕಾಂತ ಗೋಖಲೆ ಮರಾಠಿಯ ಹೆಸರಾಂತ ನಟರಾದರು. ಲಾಲಜಿ ಹಾಗೂ ಸೂರ್ಯಕಾಂತ ತಬಲಾವಾದಕರಾದರು. ಮೊಮ್ಮಗ ವಿಕ್ರಮ್ ಗೋಖಲೆ 2022ರಲ್ಲಿ ತೀರಿಕೊಳ್ಳುವವರೆಗೂ ರಂಗ ಹಾಗೂ ತೆರೆಗಳೆರಡರಲ್ಲಿಯೂ ಬೆಳಗಿದರು. ಕಮಲಾಬಾಯಿಯವರಾದರೋ 1980ರ ‘ಗೆಹರಾಯಿ’ ಚಿತ್ರದವರೆಗೂ ಅಭಿನಯಿಸಿದರು. ರೀನಾ ಮೋಹನ್ ತಯಾರಿಸಿದ ಸಾಕ್ಷ್ಯಚಿತ್ರದಲ್ಲಿ, ತೊಂಬತ್ತರ ಆಸುಪಾಸಿನ ವೃದ್ಧೆಯಾಗಿ, ತಮ್ಮ ಕಥೆಯನ್ನು ತಾವೇ ಹೇಳಿದ್ದಾರೆ. ಮೋಹಿನಿಗೆ ದೊರೆಯದಿದ್ದ ಮಾತು ಅಲ್ಲಿ ಕೇಳಿಸುತ್ತದೆ.